ಒಂದು ಬಾಲಿಗೂ ಮುಂದಿನ ಬಾಲಿಗೂ ನಡುವೆ

ಹೋದ ತಿಂಗಳು ಅಜ್ಜಂಪುರದ ಕಡೆಯಿಂದ ಒಬ್ಬ ಹುಡುಗಿ ಫೋನು ಮಾಡಿದ್ದಳು. ದೈಹಿಕ ಶಿಕ್ಷಕಿಯಾಗಿ ಹೊಸದಾಗಿ ಕೆಲಸಕ್ಕೆ ಸೇರಿದವಳು. "ಸಾರ್, ನಮ್ ಮಕ್ಳು ಪ್ರಾಕ್ಟೀಸಲ್ಲಿ ಹುಲಿಗಳು. ಮ್ಯಾಚಿಗೆ ಕರ್ಕೊಂಡು ಹೋದ್ರೆ ಕೈಕಾಲೇ ಆಡಲ್ಲ. ಎಷ್ಟು ಧೈರ್ಯ ಹೇಳಿದ್ರೂ ಅಷ್ಟೇ. ಏನ್ ಮಾಡ್ಲಿ?" ಎಂದು ಕೇಳಿದಳು. "ಮೊದ್ಲು ಧೈರ್ಯ ಹೇಳೋದು ಬಿಡಮ್ಮ" ಎಂದೆ. "ಆಯ್ತು ಸಾರ್" ಎಂದು ಫೋನು ಇಟ್ಟುಬಿಟ್ಟಳು. ಮುದುಕ ತಮಾಷೆ ಮಾಡಿದ ಎಂದುಕೊಂಡಿರಬೇಕು. ಅರ್ಧ ಮಾತು ಹೇಳಿದ ತಪ್ಪಿಗೆ ಈಗ ಪೂರ್ತಿ ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರಾಗಿದ್ದೆ. ಮೊದಲು ಅಜ್ಜಂಪುರದ ಕಡೆ, ಆಮೇಲೆ ಹಿರೇನಲ್ಲೂರಿನ ಕಡೆ, ಕೊನೆಯ ಮೂರು ವರ್ಷ ತರೀಕೆರೆಯಲ್ಲಿ. ಸ್ಟಾಫ್ ರೂಮಿನಲ್ಲಿ ನಮ್ಮ ಕುರ್ಚಿ ಬಾಗಿಲ ಪಕ್ಕದ್ದು. ಗಣಿತದ ಮೇಷ್ಟ್ರು ರಜಾ ಹಾಕಿದರೆ ಆ ಕ್ಲಾಸು ನಮ್ಮ ತಲೆಗೆ. ಆಗಸ್ಟ್ ಹದಿನೈದರ ಬೆಳಿಗ್ಗೆ ಮಾತ್ರ ನಾವೇ ರಾಜರು. ಹೊಸಬರು ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳಬೇಡಿ. ಬಾಗಿಲ ಪಕ್ಕ ಕೂತವನಿಗೆ ಮೈದಾನ ಚೆನ್ನಾಗಿ ಕಾಣುತ್ತದೆ.

ಬೇಸ್‌ಬಾಲ್ ನಮ್ಮ ಶಾಲೆಗೆ ಬಂದದ್ದು ಒಂದು ಗೋಣಿಚೀಲದಲ್ಲಿ. ಬಿಚ್ಚಿದರೆ ಎರಡು ಉದ್ದನೆಯ ಬ್ಯಾಟು, ಕೆಂಪು ಹೊಲಿಗೆಯ ಬಿಳಿ ಚೆಂಡು, ಆನೆಯ ಕಿವಿಯಂಥ ಚರ್ಮದ ಗ್ಲೌಸು. ಹೆಡ್ ಮೇಷ್ಟ್ರು ಬ್ಯಾಟನ್ನು ಹೆಗಲ ಮೇಲಿಟ್ಟುಕೊಂಡು, "ಇದೇನ್ರೀ, ಭೀಮನ ಪಾರ್ಟು ಮಾಡೋರ್ದು ನಮಗೆ ಬಂದ್ಬಿಟ್ಟಿದೆಯಾ?" ಎಂದರು. ಸಾಮಾನು ಬಂದಿತ್ತು, ತರಬೇತಿ ಬಂದಿರಲಿಲ್ಲ. ಬಲಗೈ ಗಟ್ಟಿ ಕೈ, ಚೆಂಡು ಹಿಡಿಯುವುದಕ್ಕೆ ಅದೇ ಸರಿ ಎಂದು ನಾನು ಎಲ್ಲರ ಬಲಗೈಗೂ ಗ್ಲೌಸು ತುರುಕಿಸಿದೆ. ಅವು ಎಡಗೈಯ ಗ್ಲೌಸು, ಹೆಬ್ಬೆರಳು ಹೋಗಬೇಕಾದ ಜಾಗದಲ್ಲಿ ಕಿರುಬೆರಳು! ಒಂದು ತಿಂಗಳು ಮಕ್ಕಳು ಎಡಗೈಯಲ್ಲಿ ಎಸೆದು ಎಸೆದು ಭುಜ ನೋಯಿಸಿಕೊಂಡರು. ಆಮೇಲೆ ತರಬೇತಿ ಶಿಬಿರಕ್ಕೆ ಹೋದಾಗ ಅಲ್ಲಿನವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ಗೊತ್ತಿಲ್ಲದವರಿಗೆ ಆಟದ ಬಗ್ಗೆ ಎರಡು ಮಾತು. ಎಸೆಯುವವರು ಪಿಚರ್, ಬ್ಯಾಟಿನವರ ಹಿಂದೆ ಕುಕ್ಕರಗಾಲಲ್ಲಿ ಕೂತು ಹಿಡಿಯುವವರು ಕ್ಯಾಚರ್. ಬ್ಯಾಟಿನವರ ಎದೆಗೂ ಮೊಣಕಾಲಿಗೂ ನಡುವೆ ನೇರವಾಗಿ ಬಂದದ್ದು ಒಳ್ಳೆಯ ಬಾಲು. ಅಂಥವು ಮೂರು ತಪ್ಪಿದರೆ ಔಟ್. ಪಿಚರ್ ನಾಲ್ಕು ಕೆಟ್ಟ ಬಾಲು ಹಾಕಿದರೆ ಎದುರಾಳಿಗೆ ಪುಕ್ಕಟೆಯಾಗಿ ಒಂದು ಬೇಸು. ಬೇಸು ಎಂದರೆ ಓಡುವವರು ಮುಟ್ಟಿ ನಿಲ್ಲುವ ಜಾಗ, ಮೂರೂ ದಾಟಿ ಮತ್ತೆ ಬ್ಯಾಟಿನ ಜಾಗಕ್ಕೆ ಬಂದರೆ ಒಂದು ರನ್ನು. ಮೂರು ಬೇಸಲ್ಲೂ ಜನ ನಿಂತಿದ್ದರೆ ಪುಕ್ಕಟೆಯಾಗಿ ಒಂದು ರನ್ನು. ಮೂರು ಜನ ಔಟಾದರೆ ಸರದಿ ಮುಗಿಯಿತು. ಈ ಆಟದಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಒಂದು ಬಾಲಿಗೂ ಮುಂದಿನ ಬಾಲಿಗೂ ನಡುವೆ ಪಿಚರ್ ಒಬ್ಬರೇ ಮಣ್ಣುದಿಬ್ಬದ ಮೇಲೆ ನಿಂತಿರುತ್ತಾರೆ, ಇಡೀ ಮೈದಾನ ಅವರನ್ನೇ ನೋಡುತ್ತಿರುತ್ತದೆ. ಕೆಡುವುದೆಲ್ಲ ಕೆಡುವುದು ಆಗಲೇ.

ಅದು ನನಗೆ ಗೊತ್ತಾಗಿದ್ದು ಮಂಜುನಾಥನನ್ನು ಕಳೆದುಕೊಂಡ ಮೇಲೆ. ಅಜ್ಜಂಪುರದ ಕಡೆಯ ನನ್ನ ಮೊದಲ ಪಿಚರ್ ಅವನು. ಮೊಣಕೈ ಮಡಿಸಿ ಎಸೆದನೆಂದರೆ ಚೆಂಡು ಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು. ಜಿಲ್ಲಾ ಮಟ್ಟದ ಪಂದ್ಯ, ಕೊನೆಯ ಸರದಿ. ನಾವು ಒಂದು ರನ್ ಮುಂದೆ. ಇಬ್ಬರು ಔಟಾಗಿದ್ದರು, ಬೇಸೆಲ್ಲ ತುಂಬಿತ್ತು. ನಾನು ಗೆರೆಯ ಪಕ್ಕ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ. "ಇನ್ನೊಬ್ನೇ ಕಣೋ! ಗೆದ್ದೇ ಬಿಟ್ವಿ ಕಣೋ! ಬಿಡ್ಬೇಡ! ಹುಷಾರ್ ಲೇ!"

ಅಲ್ಲಿಯತನಕ ಅವನು ಕ್ಯಾಚರ್ ಕಡೆ ನೋಡುತ್ತಿದ್ದ. ನನ್ನ ಕೂಗು ಕೇಳಿ ನನ್ನ ಕಡೆ ನೋಡಿದ. ಆ ಮುಖದಲ್ಲಿ ರಕ್ತವೇ ಇರಲಿಲ್ಲ. ಸಾಲಾಗಿ ನಾಲ್ಕು ಕೆಟ್ಟ ಬಾಲು. ಮತ್ತೆ ನಾಲ್ಕು. ಎರಡು ರನ್ನು ಪುಕ್ಕಟೆ ಹೋಯಿತು, ನಾವು ಸೋತೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಎಲ್ಲರ ಎದುರಿಗೆ, "ಕೈಗೆ ಬಂದಿದ್ದು ಬಾಯಿಗೆ ಬರ್ದಂಗೆ ಮಾಡ್ಬಿಟ್ಟೆಯಲ್ಲೋ" ಎಂದೆ. ಅವನು ಕಿಟಕಿಯ ಕಡೆ ತಿರುಗಿ ಕೂತ.

ಮಾರನೆಯ ದಿನದಿಂದ ಅವನು ಮೈದಾನಕ್ಕೆ ಬರಲಿಲ್ಲ. ಒಂದು ವಾರ ನೋಡಿ ಮನೆಗೆ ಹೋದೆ. ಬಾಗಿಲಿಗೆ ಬಂದದ್ದು ಅವನ ತಾಯಿ. "ಸಾರ್, ಅವ್ನು ಆ ಗ್ರೌಂಡ್ ಕಡೆ ತಲೆ ಹಾಕಿ ಮಲಗೋದೂ ಇಲ್ಲ. ಬಿಟ್ಬಿಡಿ" ಎಂದರು. ಒಳಗೆ ಅವನು ಇದ್ದ, ಚಪ್ಪಲಿ ಹೊರಗೇ ಇತ್ತು. ನಾನು ಕರೆಯಲೂ ಇಲ್ಲ, ತಪ್ಪಾಯಿತು ಎನ್ನಲೂ ಇಲ್ಲ. ಮೇಷ್ಟ್ರ ಗತ್ತು ಅಡ್ಡ ಬಂತು. ನನ್ನ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಸೋತದ್ದಲ್ಲ, ಆ ಬಾಗಿಲಿಂದ ಹಾಗೇ ವಾಪಸ್ ಬಂದದ್ದು.

ಆಗ ನಮಗೆ ದೈಹಿಕ ಶಿಕ್ಷಣದ ತಾಲ್ಲೂಕು ಪರಿವೀಕ್ಷಕರಾಗಿದ್ದವರು ಗಂಗಮ್ಮ ಮೇಡಂ. ಹಳೇ ಕಬಡ್ಡಿ ಆಟಗಾರ್ತಿ, ಮುರಿದು ಸೇರಿದ ಮೂಗು, ಮೆಲುದನಿ. ಮುಂದಿನ ವರ್ಷ ಒಂದು ಪಂದ್ಯಕ್ಕೆ ಬಂದವರು ಬೇವಿನ ಮರದ ಕೆಳಗೆ ಕೂತೇ ಇದ್ದರು. ಪಂದ್ಯ ಮುಗಿದ ಮೇಲೆ ನನ್ನ ಕೈಗೊಂದು ಕರವಸ್ತ್ರದ ಗಂಟು ಕೊಟ್ಟರು. ಬಿಚ್ಚಿದರೆ ಬರೀ ಸಣ್ಣ ಕಲ್ಲು.

"ನೀವು ಒಂದ್ಸಲ ಕೂಗಿದ್ರೆ ಒಂದು ಕಲ್ಲು ಹಾಕ್ದೆ" ಎಂದರು. "ಎಣಿಸ್ಬೇಡಿ, ನಾಚ್ಕೆ ಆಗತ್ತೆ. ಒಂದೇ ಒಂದು ಹೇಳಿ. 'ಗೆಲ್ಬೇಕು' ಅಂದ್ರಿ, 'ಬಿಡ್ಬೇಡ' ಅಂದ್ರಿ, 'ಹುಷಾರು' ಅಂದ್ರಿ. ಇದ್ರಲ್ಲಿ ಆ ಮಗು ಕೈಯಿಂದ ಮಾಡೋಂಥದ್ದು ಏನಿದೆ?"

ನಾನು ಯೋಚಿಸಿದೆ. ಏನೂ ಇರಲಿಲ್ಲ.

"ಗೆಲ್ಲೋದು ಮಗು ಕೈಲಿಲ್ಲ ಕಣ್ರೀ. ಎದುರಿಗೆ ಇನ್ನೊಬ್ರು ಬ್ಯಾಟ್ ಹಿಡ್ಕೊಂಡು ನಿಂತಿರ್ತಾರೆ. ಹೆಂಗೆ ನಿಲ್ಲೋದು, ಎಲ್ಲಿ ನೋಡೋದು, ಹೆಂಗೆ ಎಸೆಯೋದು, ಇಷ್ಟೇ ಅದರ ಕೈಲಿರೋದು. ಅದನ್ನ ಕಲ್ಸಿ. ಉಳಿದದ್ದಕ್ಕೆ ಬಾಯಿ ಮುಚ್ಕೊಂಡಿರಿ."

ಮೇಲಧಿಕಾರಿಗಳಿಂದ ಬೇಕಾದಷ್ಟು ಸುತ್ತೋಲೆ ಬಂದಿವೆ. ನೆನಪಿರುವುದು ಆ ಗಂಟೊಂದೇ.

ಹಿರೇನಲ್ಲೂರಿನ ಕಡೆಗೆ ವರ್ಗವಾದ ಮೇಲೆ ಹೆಣ್ಣುಮಕ್ಕಳ ತಂಡ ಕಟ್ಟಿದೆ. ಸುಜಾತ ಎಂಬ ಹುಡುಗಿ ಎಂಟನೇ ಕ್ಲಾಸಿಗೆ ಬಂದಳು. ಸಣಕಲು ಮೈ, ಉದ್ದ ಕೈ. ಕೇಳಿದ್ದಕ್ಕಷ್ಟೇ ಉತ್ತರ. ತಂದೆ ಸಿದ್ದಯ್ಯ ಸುತ್ತಲಿನ ಹಳ್ಳಿಗಳಿಗೆಲ್ಲ ಲೈನ್‌ಮನ್. ಕರೆಂಟು ಹೋದರೆ ಜನ ದೇವರಿಗಿಂತ ಮೊದಲು ಕರೆಯುತ್ತಿದ್ದುದು ಅವರನ್ನು. ಕ್ಯಾಚರ್ ಆದವಳು ನೇತ್ರಾವತಿ, ಸುಜಾತಳ ಬಾಯನ್ನೂ ತಾನೇ ಇಟ್ಟುಕೊಂಡು ಹುಟ್ಟಿದವಳು.

ಇವರಿಗೆ ನಾನು ಹೊಸ ರೀತಿಯಲ್ಲಿ ಕಲಿಸಹೊರಟೆ. ಮೊದಲು ಅಭ್ಯಾಸದಲ್ಲಿ ಸ್ಕೋರು ಬರೆಯುವುದು ನಿಲ್ಲಿಸಿದೆ. ಹೆಡ್ ಮೇಷ್ಟ್ರು, "ಸ್ಕೋರೇ ಇಲ್ದೆ ಇದೆಂಥ ಆಟ ಕಣ್ರೀ, ಉಪ್ಪಿಲ್ದಿರೋ ಸಾರು" ಎಂದರು. ಆಮೇಲೆ ಪ್ರತಿಯೊಬ್ಬರಿಗೂ ಬಾಲು ಎಸೆಯುವ ಮೊದಲು ಮಾಡಬೇಕಾದ ನಾಲ್ಕು ಕೆಲಸ ಗೊತ್ತು ಮಾಡಿದೆ. ಕೈ ಒರೆಸಿಕೊಳ್ಳುವುದು. ಬ್ಯಾಟಿನವರಿಗೆ ಬೆನ್ನು ತಿರುಗಿಸಿ ದೂರದ ಒಂದೇ ಜಾಗ ನೋಡುವುದು. ಉಸಿರು ಪೂರ್ತಿ ಬಿಡುವುದು. ತಿರುಗಿ ಕ್ಯಾಚರ್‌ನ ಗ್ಲೌಸನ್ನಷ್ಟೇ ನೋಡಿ ಎಸೆಯುವುದು. ಸಂಜೆ ಅವರನ್ನು ಕೇಳುತ್ತಿದ್ದುದು, "ಎಷ್ಟು ಜನ ಔಟಾದ್ರು?" ಎಂದಲ್ಲ, "ನಾಲ್ಕೂ ಮಾಡಿದ್ರಾ?" ಎಂದು.

ಇಲ್ಲೂ ಎಡವಿದೆ. ಮಕ್ಕಳಿಗೆ ಗದ್ದಲ ಅಭ್ಯಾಸವಾಗಲಿ ಎಂದು ಉಳಿದವರ ಕೈಲಿ ಬಿಸಿಯೂಟದ ತಟ್ಟೆಯ ಸದ್ದು ಮಾಡಿಸಿ ಆಡಿಸುತ್ತಿದ್ದೆ. ಒಂದು ದಿನ ಒಬ್ಬಳು ನಾಲ್ಕರಲ್ಲಿ ಒಂದು ಬಿಟ್ಟಳು. "ಉಸಿರು ಬಿಡೇ! ಉಸಿರು ಬಿಡು ಅಂತ ಎಷ್ಟು ಸಲ ಹೇಳ್ಬೇಕು!" ಎಂದು ಕಿರುಚಿದೆ.

ನೇತ್ರಾವತಿ ಮುಖಕ್ಕೆ ಕಟ್ಟಿದ್ದ ಜಾಲರಿ ಮೇಲೆತ್ತಿ, "ಸಾರ್, ನೀವ್ ಹಂಗೆ ಕಿರುಚ್ಕೊಂಡ್ರೆ ಇರೋ ಉಸ್ರೂ ನಿಂತೋಗತ್ತೆ ಸಾರ್" ಎಂದಳು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮಾತು ತಾಕಿತು. ಹಿಂದೆ ಗೆಲ್ಲು ಎಂದು ಕೂಗುತ್ತಿದ್ದವನು ಈಗ ಸಮಾಧಾನವಾಗಿರು ಎಂದು ಕೂಗುತ್ತಿದ್ದೆ, ಅಷ್ಟೇ ವ್ಯತ್ಯಾಸ. ಅವತ್ತಿಂದ ನನ್ನ ನಾಲ್ಕನ್ನು ಬಿಟ್ಟು ಅವರವರ ಕ್ರಮವನ್ನು ಅವರವರೇ ಕಟ್ಟಿಕೊಳ್ಳಲಿ ಎಂದೆ. ಒಬ್ಬಳು ಜಡೆಯ ತುದಿ ಮುಟ್ಟಿಕೊಂಡಳು, ಒಬ್ಬಳು ಬೂಟಿನ ಮಣ್ಣು ಉದುರಿಸಿದಳು. ಸುಜಾತ ಮಾತ್ರ ನಾಲ್ಕನ್ನೂ ಉಸಿರಿನ ಸಮೇತ ಹಾಗೇ ಇಟ್ಟುಕೊಂಡಳು. ಅದೂ ಎಂಥ ಉಸಿರು! ಭುಜ ಇಳಿದು, ದವಡೆ ಸಡಿಲವಾಗಿ, ನೋಡುತ್ತಿದ್ದ ನನ್ನ ಎದೆಯೂ ಹಗುರವಾಗುತ್ತಿತ್ತು.

"ಇದನ್ನ ಎಲ್ಲಿ ಕಲ್ತೆ?" ಎಂದು ಕೇಳಿದೆ.

"ಮನೇಲಿ ದಿನಾ ಬೆಳಿಗ್ಗೆ ಬುದ್ಧನ ಪಟದ ಮುಂದೆ ಎಲ್ರೂ ಕೂತ್ಕೊತೀವಲ್ಲ ಸಾರ್. ಉಸ್ರು ಬರೋದು ಹೋಗೋದು ನೋಡ್ತಾ ಇರೋದು, ಅಷ್ಟೇ. ಅಪ್ಪ ಹೇಳ್ಕೊಟ್ಟಿದ್ದು."

ನಾನು ಶಿಬಿರಗಳಲ್ಲಿ ಹುಡುಕಿಕೊಂಡು ಅಲೆದದ್ದು ಅವಳ ಮನೆಯ ಚಾಪೆಯ ಮೇಲೆ ಎಷ್ಟೋ ವರ್ಷದಿಂದ ಇತ್ತು.

ಅವಳು ಹತ್ತನೇ ಕ್ಲಾಸಿನಲ್ಲಿದ್ದಾಗ ತರೀಕೆರೆಯಲ್ಲಿ ಜಿಲ್ಲಾ ಮಟ್ಟದ ಫೈನಲ್ಲಿಗೆ ಬಂದೆವು. ಕೊನೆಯ ಸರದಿಯ ಮೊದಲರ್ಧ, ಎದುರಿನವರ ಬ್ಯಾಟು. ಒಂದು ರನ್ನು ನಾವು ಮುಂದೆ, ಇಬ್ಬರು ಔಟು, ಬೇಸೆಲ್ಲ ತುಂಬಿದೆ. ಅಜ್ಜಂಪುರದ ಹುಡುಗನ ಬಿಳಿಚಿದ ಮುಖ ಕಣ್ಣ ಮುಂದೆ ಬಂತು. ನನ್ನ ಗಂಟಲಿನಲ್ಲಿ ಕೂಗು ಎದ್ದು ನಿಂತಿತ್ತು. ಸೀಟಿಯ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡೆ.

ಸುಜಾತ ಕೈ ಒರೆಸಿಕೊಂಡಳು. ಬೆನ್ನು ತಿರುಗಿಸಿ ಕೆಮ್ಮಣ್ಣುಗುಂಡಿಯ ಕಡೆಯ ಬೆಟ್ಟದ ಸಾಲು ನೋಡಿದಳು. ಉಸಿರು ಬಿಟ್ಟಳು. ತಿರುಗಿ ಎಸೆದಳು. ಬಾಲು ಎಲ್ಲಿ ಬೀಳಬೇಕಿತ್ತೋ ಅಲ್ಲೇ ಬಂತು. ಅದಕ್ಕಿಂತ ಒಳ್ಳೆಯ ಬಾಲು ಇರಲಾರದು. ಎದುರಿನ ಹುಡುಗಿ ಅದಕ್ಕಿಂತಲೂ ಚೆನ್ನಾಗಿ ಹೊಡೆದಳು. ಚೆಂಡು ಮೂರನೇ ಬೇಸಿನವಳ ತಲೆ ಮೇಲೆ ಹಾದು ಹುಲ್ಲಿಗೆ ಬಿತ್ತು. ಎರಡು ರನ್ನು. ಈಗ ನಾವೇ ಒಂದು ರನ್ ಹಿಂದೆ.

ಮೈದಾನ ಹುಚ್ಚೆದ್ದು ಕೂಗುತ್ತಿತ್ತು. ನಮ್ಮ ಹುಡುಗಿಯರಲ್ಲಿ ಇಬ್ಬರು ಆಗಲೇ ಅಳುತ್ತಿದ್ದರು. ಸುಜಾತ ಚೆಂಡು ಇಸಿದುಕೊಂಡು ದಿಬ್ಬಕ್ಕೆ ಹೋದಳು. ಕೈ ಒರೆಸಿಕೊಂಡಳು. ಬೆನ್ನು ತಿರುಗಿಸಿ ಬೆಟ್ಟ ನೋಡಿದಳು. ಉಸಿರು ಬಿಟ್ಟಳು. ತಿರುಗಿ ಎಸೆದಳು. ಒಂದು, ಎರಡು, ಮೂರು. ಮೂರಕ್ಕೂ ಎದುರಾಳಿಯ ಬ್ಯಾಟು ಗಾಳಿಯನ್ನಷ್ಟೇ ಬಡಿಯಿತು. ಔಟ್.

ಆಮೇಲೆ ನಮ್ಮ ಬ್ಯಾಟಿಂಗು ಬಂತು, ಮೂವರೂ ಔಟಾದರು, ನಾವು ಸೋತೆವು.

ಎದುರು ತಂಡದ ಮೇಷ್ಟ್ರು, ನನಗಿಂತ ಬಹಳ ಚಿಕ್ಕವರು, ಮೊಬೈಲು ಹಿಡಿದುಕೊಂಡು ಬಂದರು. "ಸಾರ್, ನಿಮ್ ಹುಡ್ಗಿದು ಎರಡು ಬಾಲಿನ ವಿಡಿಯೋ ತೆಗ್ದಿದೀನಿ. ಒಂದು ಹೊಡಿಸ್ಕೊಂಡಿದ್ದು, ಇನ್ನೊಂದು ಅದಾದ್ಮೇಲಿಂದು. ಕೈಯಿಂದ ಚೆಂಡು ಬಿಡೋಗಂಟ ಮಾತ್ರ ತೋರಿಸ್ತೀನಿ. ಯಾವ್ದು ಮೊದಲ್ನೇದು ಹೇಳಿ" ಎಂದರು. ಎರಡೆರಡು ಸಲ ನೋಡಿದೆ. ಅದೇ ಭುಜ, ಅದೇ ಮುಖ, ಅಷ್ಟೇ ಹೊತ್ತು. ನನಗೆ ಹೇಳಲಾಗಲಿಲ್ಲ. ಅವರು ಮೊಬೈಲು ಜೇಬಿಗೆ ಹಾಕಿಕೊಂಡು ಸುಮ್ಮನೆ ನನ್ನ ಕೈ ಹಿಡಿದುಕೊಂಡರು. ಹದಿನೈದು ವರ್ಷದ ಒಂದು ಮಗುವಿನ ಎದುರು ನಾವಿಬ್ಬರೂ ಮೇಷ್ಟ್ರುಗಳು ವಿದ್ಯಾರ್ಥಿಗಳ ಹಾಗೆ ನಿಂತಿದ್ದೆವು.

ಬಸ್ಸಿನಲ್ಲಿ ಅವಳನ್ನು ಕೇಳಿದೆ. "ಬೇಜಾರಾಯ್ತೇನಮ್ಮ?"

"ಆಯ್ತು ಸಾರ್" ಎಂದಳು. ಗ್ಲೌಸಿನ ಮಣ್ಣು ಒರೆಸುತ್ತಾ, "ಆದ್ರೆ ಬಾಲು ಚೆನ್ನಾಗಿತ್ತು" ಎಂದಳು. ಆಮೇಲೆ ಅತ್ತಳು. ಅಳಲಿ ಎಂದು ಬಿಟ್ಟೆ. ಮನಸ್ಸು ಗಟ್ಟಿ ಎಂದರೆ ಅಳು ಬಾರದಿರುವುದಲ್ಲ, ಹೊಸಬರು ಇದನ್ನು ತಿಳಿದುಕೊಂಡಿರಬೇಕು.

ಅದೇ ವರ್ಷ ಹಿಂಗಾರು ಶುರುವಾಗುವಾಗ, ಒಂದು ಮಧ್ಯಾಹ್ನ ಬಿರುಗಾಳಿಯಲ್ಲಿ, ಸಿದ್ದಯ್ಯನವರು ಕಂಬದ ಮೇಲಿದ್ದಾಗ ಪಕ್ಕದ ಹೊಂಗೆಯ ಕೊಂಬೆ ಮುರಿದು ತಂತಿಯ ಮೇಲೆ ಬಿತ್ತು. ಕಂಬ ಅಲ್ಲಾಡಿ ಏಣಿ ಜಾರಿತು. ಸೊಂಟದ ಬೆಲ್ಟು ಹಿಡಿದುಕೊಂಡದ್ದರಿಂದ ಜೀವ ಉಳಿಯಿತು. ಕೆಳಗಿನವರು ಇಳಿಸುವ ತನಕ ಒಂದೇ ಕೈಯಲ್ಲಿ ಕಂಬ ತಬ್ಬಿಕೊಂಡು ನೇತಾಡಿದ್ದರಂತೆ. ಭುಜ ಕಳಚಿತ್ತು. ಕಡೂರಿನ ಆಸ್ಪತ್ರೆ, ಆಮೇಲೆ ಮನೆ, ನಾಲ್ಕು ತಿಂಗಳಿಗೆ ಭುಜ ಕೂಡಿತು. ಡಾಕ್ಟರು ಕೆಲಸಕ್ಕೆ ಹೋಗಬಹುದು ಎಂದರು. ಸಿದ್ದಯ್ಯನವರು ಹೋದರು, ಏಣಿ ಒರಗಿಸಿದರು, ಮೂರನೇ ಮೆಟ್ಟಿಲ ಮೇಲೆ ಕಾಲಿಟ್ಟರು, ಇಳಿದುಬಿಟ್ಟರು. ಮಾರನೆಯ ದಿನವೂ ಹಾಗೇ.

ನೋಡಲು ಹೋದಾಗ ಪಡಸಾಲೆಯಲ್ಲಿ ಕೂತಿದ್ದರು. "ಇಪ್ಪತ್ತೆರಡು ವರ್ಷ ಹತ್ತಿದೀನಿ ಮೇಷ್ಟ್ರೇ. ಈಗ ಕಾಲೇ ಕೇಳಲ್ಲ. ಬೆಳಿಗ್ಗೆ ಪಟದ ಮುಂದೆ ಕೂತ್ರೂ ಆ ಕೊಂಬೆ ಮುರಿಯೋ ಸದ್ದೇ ಕಿವೀಲಿ. ಆಫೀಸಲ್ಲಿ ಸ್ಟೋರ್ ಕೆಲ್ಸ ಕೊಡ್ತೀವಿ ಅಂತಾರೆ. ಬೀಗದ ಕೈ ಇಟ್ಕೊಂಡು ಕೂತ್ಕೊಳ್ಳೋದೇನಾ ಇನ್ಮೇಲೆ?" ಎಂದರು.

ಇಷ್ಟೆಲ್ಲ ಕಲಿತ ಮೇಲೂ ಬಾಯಿಗೆ ಬಂದದ್ದು ಅದೇ ಹಳೇ ಮಾತು. "ಧೈರ್ಯ ತಗೊಳ್ಳಿ ಸಿದ್ದಯ್ಯ."

ಬಾಗಿಲಲ್ಲಿ ನಿಂತಿದ್ದ ಸುಜಾತ ನನ್ನ ಕಡೆ ನೋಡಿದಳು. ಕೋಪವೇನೂ ಇರಲಿಲ್ಲ. "ಸಾರ್, ನಾಳೆ ಸಂಜೆ ಗ್ರೌಂಡ್ ಬೀಗ ತೆಗೆದಿರ್ತೀರಾ?" ಎಂದಷ್ಟೇ ಕೇಳಿದಳು.

ನಮ್ಮ ಮೈದಾನದ ಮೂಲೆಯಲ್ಲಿ ತಂತಿ ಕಿತ್ತುಹಾಕಿದ್ದ ಒಂದು ಹಳೇ ಕಂಬವಿತ್ತು. ಮಾರನೆಯ ಸಂಜೆ ಅಪ್ಪ ಮಗಳು ಏಣಿ ಹೊತ್ತುಕೊಂಡು ಬಂದರು. ನೇತ್ರಾವತಿಯೂ ಬಂದಳು, ಏಣಿಯ ಬುಡ ಹಿಡಿಯಲು. ನಾನು ದೂರದಲ್ಲಿ ಕಲ್ಲುಬೆಂಚಿನ ಮೇಲೆ ಕೂತೆ. ಅವಳು ಅಪ್ಪನಿಗೆ ಹತ್ತು ಎನ್ನಲೇ ಇಲ್ಲ.

"ಅಪ್ಪ, ಮೇಲೆ ಹೋಗೋದು ಬೇಡ. ನೀನು ಹತ್ತೋ ಮುಂಚೆ ಏನೇನ್ ಮಾಡ್ತಿದ್ದೆ, ಅದನ್ನ ಬಾಯಲ್ಲಿ ಹೇಳ್ತಾ ಮಾಡು."

"ಅದೆಲ್ಲ ಕೈಗೆ ಗೊತ್ತು ಕಣೇ. ಹೇಳೋದೇನು?"

"ಹೇಳಪ್ಪ."

ಸಿದ್ದಯ್ಯನವರು ಮುಜುಗರದಿಂದ ನನ್ನ ಕಡೆ ನೋಡಿ ಶುರು ಮಾಡಿದರು. ಲೈನು ಬಂದ್ ಮಾಡಿಸಿಕೊಳ್ಳುವುದು. ಏಣಿ ಒರಗಿಸಿ ಅಲ್ಲಾಡಿಸಿ ನೋಡುವುದು. ಬೆಲ್ಟು ಎಳೆದು ನೋಡುವುದು. ಗ್ಲೌಸು ಹಾಕುವುದು. ಅವಳು ಕೊನೆಗೊಂದು ಸೇರಿಸಿದಳು, ಉಸಿರು ಬಿಡುವುದು. ಮೊದಲ ಸಂಜೆ ಅಷ್ಟೇ, ಒಂದು ಮೆಟ್ಟಿಲೂ ಹತ್ತಲಿಲ್ಲ. ಎರಡನೆಯ ಸಂಜೆ ಒಂದು ಮೆಟ್ಟಿಲು. ನಾಲ್ಕನೆಯ ಸಂಜೆ ಮೂರನೇ ಮೆಟ್ಟಿಲಲ್ಲಿ ಅವರ ಮೊಣಕಾಲು ನಡುಗುವುದು ಬೆಂಚಿನ ತನಕ ಕಾಣುತ್ತಿತ್ತು. ಇಳಿದು ಬಂದು ತಲೆ ತಗ್ಗಿಸಿ, "ಆಗ್ಲಿಲ್ಲ ಕಣವ್ವ" ಎಂದರು.

"ಎಲ್ಲಾ ಮಾಡ್ದೆಯಾ?"

"ಮಾಡ್ದೆ."

"ಹಂಗಾದ್ರೆ ಇವತ್ತಿಂದು ಮುಗೀತು. ನಡಿ ಮನೇಗೆ."

ಎಷ್ಟು ಎತ್ತರ ಹೋದೆ ಎಂದು ಅವಳು ಒಂದು ದಿನವೂ ಕೇಳಲಿಲ್ಲ. ಕೇಳಬೇಕೆಂದು ನನಗೆ ಅನಿಸುತ್ತಿತ್ತು. ಅವಳಿಗೆ ಅನಿಸುತ್ತಿರಲಿಲ್ಲವೇ? ಹೆತ್ತ ತಂದೆ, ಮನೆ ನಡೆಸುವವನು, ಎಲ್ಲರ ಎದುರು ನಡುಗುತ್ತಿದ್ದಾನೆ. ಆ ಮಗು ಆ ಆಸೆಯನ್ನು ಎಲ್ಲಿ ಬಚ್ಚಿಟ್ಟುಕೊಂಡಿತ್ತೋ ನನಗೆ ಇವತ್ತಿಗೂ ತಿಳಿಯದು. ಆಟವನ್ನು ನಾನು ಕಲಿಸಿದ್ದಿರಬಹುದು. ಇದನ್ನು ನಾನು ಕಲಿಸಿರಲಿಲ್ಲ.

ಮೂರು ವಾರ ಕಳೆದಿತ್ತು. ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಶಾಲೆಯ ಬೀದಿಯಲ್ಲೇ ಕಂಬದ ಮೇಲೆ ತಂತಿ ಕಿತ್ತುಕೊಂಡು ಅರ್ಧ ಊರಿಗೆ ಕರೆಂಟು ಹೋಯಿತು. ಇನ್ನೊಬ್ಬ ಲೈನ್‌ಮನ್ ರಜಾದಲ್ಲಿದ್ದ. ಸಿದ್ದಯ್ಯನವರು ಸೈಕಲ್ಲಿನಲ್ಲಿ ಬಂದರು. ಜನ ಸೇರಿತು, ಎಲ್ಲರಿಗೂ ವಿಷಯ ಗೊತ್ತು. "ಬೇಡ ಬಿಡು ಸಿದ್ದಣ್ಣ, ಕಡೂರಿಂದ ಯಾರಾದ್ರೂ ಬರ್ತಾರೆ" ಎಂದರು ಕೆಲವರು. "ಹತ್ತು ಸಿದ್ದಣ್ಣ, ಏನಾಗಲ್ಲ" ಎಂದರು ಕೆಲವರು. ಸುಜಾತ ಶಾಲೆಯ ಗೇಟಿನ ಹತ್ತಿರ ನಿಂತಿದ್ದಳು. ಒಂದು ಮಾತೂ ಆಡಲಿಲ್ಲ.

ಅವರು ಫೋನು ಮಾಡಿ ಲೈನು ಬಂದ್ ಮಾಡಿಸಿಕೊಂಡರು. ಏಣಿ ಒರಗಿಸಿ ಅಲ್ಲಾಡಿಸಿದರು. ಬೆಲ್ಟು ಎಳೆದರು. ಗ್ಲೌಸು ಹಾಕಿಕೊಂಡರು. ತುಟಿ ಅಲುಗುತ್ತಿತ್ತು, ಒಂದೊಂದನ್ನೂ ಹೇಳಿಕೊಳ್ಳುತ್ತಿದ್ದರು. ನಿಂತರು. ಅವರ ಭುಜ ಇಳಿಯಿತು. ಜನ ತಾವಾಗಿಯೇ ಸುಮ್ಮನಾದರು. ಹತ್ತಿದರು. ಮೂರನೇ ಮೆಟ್ಟಿಲಲ್ಲಿ ನಿಂತರು. ಮತ್ತೆ ಭುಜ ಇಳಿಯಿತು. ನಾಲ್ಕು. ಐದು. ಮೇಲೆ ಹೋಗಿ ಬೆಲ್ಟು ಕಂಬಕ್ಕೆ ಸುತ್ತಿ ಕೆಲಸ ಶುರು ಮಾಡಿದರು. ಕಾಲು ಗಂಟೆ ಹಿಡಿಯಿತು. ಅಂಥ ಕಾಲು ಗಂಟೆ ನಾನು ನೋಡಿದ ಯಾವ ಪಂದ್ಯದಲ್ಲೂ ಇಲ್ಲ.

ಇಳಿದು ಬಂದಾಗ ಜನ ಮುತ್ತಿಕೊಂಡರು. ಅಂಗಡಿಯ ಮುದುಕರೊಬ್ಬರು ಅವರ ಬೆನ್ನು ತಟ್ಟಿ, "ಏನಪ್ಪಾ ಸಿದ್ದಯ್ಯ, ಎಷ್ಟೋ ದಿನಕ್ಕೆ ಮೇಲ್ ಹೋಗಿದ್ಯಲ್ಲ, ಅಲ್ಲಿಂದ ಊರು ಹೆಂಗೆ ಕಾಣ್ತು?" ಎಂದು ಕೇಳಿದರು.

ಸಿದ್ದಯ್ಯನವರು ಗ್ಲೌಸು ಬಿಚ್ಚುತ್ತಾ ತಲೆಯೆತ್ತಿದರು. ನಿಜವಾಗಿಯೂ ನೆನಪು ಮಾಡಿಕೊಳ್ಳುವವರ ಹಾಗೆ ಒಂದು ಕ್ಷಣ ಯೋಚಿಸಿದರು.

"ನೋಡ್ಲಿಲ್ಲ ಕಣಣ್ಣ" ಎಂದರು. "ಕೆಲ್ಸ ಇತ್ತು."